‘ಕೃತ್ತಿಕೆ’ಯ ಸಾನೆಟ್ಟುಗಳು ಮತ್ತು ಮಿಲ್ಟನ್ನನ ದಾರಿ

ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ಕುವೆಂಪು ಅವರ ಮನೆ ‘ಉದಯರವಿ’ ಎಂದೊಡನೆ ನಮಗೆ ನೆನಪಾಗುವುದು ‘ಶ್ರೀ ರಾಮಾಯಣ ದರ್ಶನಂ’. ಆ ಮಹಾಕಾವ್ಯವನ್ನು ಅವರು 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದರು. ಅವರ ಸಾನೆಟ್ಟುಗಳ ಸಂಕಲನ ‘ಕೃತ್ತಿಕೆ’ ಪ್ರಕಟವಾದದ್ದೂ 1946ರಲ್ಲೇ. ಮಹಾಕಾವ್ಯಕ್ಕೆ ಸಿಕ್ಕ ವಿಮರ್ಶೆಯ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ. ಇವೆರಡನ್ನೂ ಜೊತೆಗಿಟ್ಟು ಓದಬೇಕೆಂಬುದು ನನ್ನ ವಾದ.

ಸಿಸಿಲಿಯಲ್ಲಿ ಹುಟ್ಟಿದ ಸಾನೆಟ್ ಪೆಟ್ರಾರ್ಕನ ಕೈಯಲ್ಲಿ ಹದಗೊಂಡಿತು: ಎಂಟು ಸಾಲು, ಒಂಬತ್ತನೆಯದರಲ್ಲಿ ಭಾವದ ಹೊರಳು, ಒಟ್ಟು ಆರು ಸಾಲಿನ ಉತ್ತರಾರ್ಧ. ಹದಿನಾರನೆಯ ಶತಮಾನದಲ್ಲಿ ವಯಟ್, ಸರ್ರೆ ಇದನ್ನು ಇಂಗ್ಲಿಷಿಗೆ ತಂದರು. ಇಂಗ್ಲಿಷಿನಲ್ಲಿ ಪ್ರಾಸಪದಗಳು ಇಟಾಲಿಯನ್ನಿನಷ್ಟು ಧಾರಾಳವಾಗಿ ಸಿಗುವುದಿಲ್ಲ. ಎರಡೇ ಪ್ರಾಸದಲ್ಲಿ ಎಂಟು ಸಾಲು ತುಂಬಿಸುವುದು ಕಷ್ಟ. ಹಾಗಾಗಿ ಸರ್ರೆ ಏಳು ಪ್ರಾಸಗಳ ಬಂಧಕ್ಕೆ ಹೊರಳಿದ. ಮೂರು ಚೌಪದಿ, ಕೊನೆಗೊಂದು ದ್ವಿಪದಿ. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ 154 ಸಾನೆಟ್ಟುಗಳು ಆ ಬಂಧಕ್ಕೆ ಅವನ ಹೆಸರನ್ನೇ ಕೊಟ್ಟವು.

ಕನ್ನಡದ ಕಷ್ಟ ಇದಕ್ಕೆ ತದ್ವಿರುದ್ಧ. ‘ಮನೆಯಲ್ಲಿ’ ಎಂದರೆ ‘ಬನದಲ್ಲಿ’ ಸಿದ್ಧ. ‘ಬಂದನು’ ಎಂದರೆ ‘ನಿಂದನು’. ವಿಭಕ್ತಿ, ಆಖ್ಯಾತ ಪ್ರತ್ಯಯಗಳೇ ಅಂತ್ಯಪ್ರಾಸವನ್ನು ಪುಕ್ಕಟೆಯಾಗಿ ಒದಗಿಸುತ್ತವೆ. ಪುಕ್ಕಟೆ ಸಿಕ್ಕದ್ದು ಪದ್ಯವನ್ನು ಹಿಡಿದು ನಿಲ್ಲಿಸಲಾರದು. ಇತ್ತ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸವನ್ನು ಕೈಬಿಟ್ಟಿದ್ದರು. ‘ಮಲಾರ’ದ ಮಾಸ್ತಿಯವರೂ ಕುವೆಂಪು ಅವರೂ ಸಾನೆಟ್ಟಿಗೆ ಕೈಹಾಕುವ ಹೊತ್ತಿಗೆ, ಕವಿಗೆ ಉಳಿದಿದ್ದ ನಿಜವಾದ ಆಧಾರ ವಾಕ್ಯದ ನಡೆ ಮತ್ತು ಆ ಹೊರಳು.

ಇಲ್ಲಿ ಮಿಲ್ಟನ್ ಮುಖ್ಯನಾಗುತ್ತಾನೆ. ಅವನು ಇಟಾಲಿಯನ್ ಪ್ರಾಸವನ್ನು ಉಳಿಸಿಕೊಂಡ, ಆದರೆ ವಾಕ್ಯವನ್ನು ಎಂಟನೆಯ ಸಾಲಿಗೆ ನಿಲ್ಲಿಸದೆ ಎಷ್ಟೋ ಕಡೆ ಮುಂದಕ್ಕೆ ಹರಿಯಬಿಟ್ಟ. 1667ರ ‘ಪ್ಯಾರಡೈಸ್ ಲಾಸ್ಟ್’ನ ದೀರ್ಘ ವಾಕ್ಯಗಳಿಗೆ ಆ ಸಾನೆಟ್ಟುಗಳು ಅಭ್ಯಾಸದ ಕಣವಾಗಿದ್ದವು ಎಂದೇ ನಾನು ತಿಳಿಯುತ್ತೇನೆ. ತಮ್ಮ ಮಹಾಕಾವ್ಯದ ಆರಂಭದಲ್ಲಿ ಕುವೆಂಪು ಮಿಲ್ಟನ್ನನಿಗೆ ನಮಿಸುತ್ತಾರೆ. ಅವರ ಮಹಾಛಂದಸ್ಸು ಲಲಿತ ರಗಳೆಯ ಐದು ಮಾತ್ರೆಯ ನಾಲ್ಕು ಗಣಗಳ ಮೇಲೆ ನಿಂತಿದ್ದರೂ ಅಲ್ಲಿ ವಾಕ್ಯ ಸಾಲಿನ ತುದಿಗೆ ಕಟ್ಟುಬೀಳುವುದಿಲ್ಲ. ಹರಿಯುವ ವಾಕ್ಯವನ್ನು ಹದಿನಾಲ್ಕು ಸಾಲಿನೊಳಗೆ ನಿಲ್ಲಿಸುವ ಶಿಸ್ತು ‘ಕೃತ್ತಿಕೆ’ಯದು.

ಛಂದಸ್ಸಿನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ‘ಕೃತ್ತಿಕೆ’ಯಲ್ಲಿ ವಾಕ್ಯ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಸಾಲುಸಾಲಾಗಿ ಗುರುತಿಸಿ, ಮಹಾಕಾವ್ಯದ ಯಾವುದಾದರೊಂದು ಸಂಚಿಕೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಪ್ರಾಸದ ಪಟ್ಟಿ ಆಮೇಲೆ ಮಾಡಿದರಾದೀತು.