ಕೆಸ್ವಿಕ್ಕಿನ ಕಾಲುದಾರಿಗಳೂ ಜನರ ವಂತಿಗೆಯೂ

ಇಂಗ್ಲೆಂಡು ದೇಶದ ವಾಯವ್ಯ ಭಾಗದಲ್ಲಿ, ಬೆಟ್ಟಗಳೂ ಸರೋವರಗಳೂ ಒತ್ತಾಗಿ ಸೇರಿರುವ ಸೀಮೆಯಲ್ಲಿ, ಕೆಸ್ವಿಕ್ ಎಂಬ ಸಣ್ಣ ಊರೊಂದುಂಟು. ಊರನ್ನು ಬಳಸಿ ಹರಿಯುವ ಹೊಳೆಯ ಹೆಸರು ಗ್ರೀಟಾ. ಹೊಳೆಯ ಮೇಲಣ ದಿಣ್ಣೆಯ ಮನೆಗೆ ಕೋಲ್‌ರಿಜ್ ಕವಿಯು ೧೮೦೦ರಲ್ಲಿ ಬಂದು ನೆಲಸಿದನು; ಅವನ ಹಿಂದೆಯೇ ೧೮೦೩ರಲ್ಲಿ ಬಂದ ರಾಬರ್ಟ್ ಸದಿಯು ೧೮೪೩ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು. ವರ್ಡ್ಸ್‌ವರ್ತನ ಗ್ರಾಸ್ಮಿಯರ್ ಅಲ್ಲಿಂದ ಒಂದು ಹಗಲಿನ ನಡಿಗೆ. ಈ ಕವಿಗಳೆಲ್ಲರೂ ಭಾರಿ ನಡಿಗೆಗಾರರು. ಅವರ ಕಾವ್ಯದ ಮಾತನ್ನು ಬಲ್ಲವರು ಬೇಕಾದಷ್ಟು ಮಂದಿ ಬರೆದಿರುವರು; ಅವರು ನಡೆದಾಡಿದ ಸೀಮೆಯ ದಾರಿಗಳ ಕಥೆಯನ್ನು ಹೇಳುವುದಷ್ಟೇ ಇಲ್ಲಿನ ಉದ್ದೇಶ.

ದಾರಿಯೆಂಬುದು ತಾನಾಗಿ ಇರುವ ವಸ್ತುವೆಂದು ನಾವು ಎಣಿಸುವುದುಂಟು. ಕೆಸ್ವಿಕ್ಕಿನವರಿಗೆ ಆ ಭ್ರಮೆಯು ೧೮೮೭ರಲ್ಲಿಯೇ ಹರಿಯಿತು. ಊರ ಬೆನ್ನಿಗಿರುವ ಲ್ಯಾಟ್ರಿಗ್ ಎಂಬ ಗುಡ್ಡಕ್ಕೆ ಜನರು ತಲೆತಲಾಂತರದಿಂದ ಹತ್ತುತ್ತಿದ್ದ ಹಾದಿಗೆ ಗುಡ್ಡದ ಒಡೆಯರು ಅಡ್ಡಗಟ್ಟಿದರು. ಕಾಲುದಾರಿಗಳನ್ನು ಕಾಪಾಡುವುದಕ್ಕೆಂದು ಊರವರು ಕಟ್ಟಿದ್ದ ಸಂಘವು ಎದುರು ನಿಂತಿತು. ಆ ವರ್ಷದ ಅಕ್ಟೋಬರ್ ೧ರಂದು ಸುಮಾರು ಎರಡು ಸಾವಿರ ಜನರು ಕೂಡಿ, ಅಡ್ಡಿಗಳನ್ನು ಕಿತ್ತುಹಾಕಿ ಗುಡ್ಡದ ನೆತ್ತಿಗೆ ನಡೆದರು. ವಿಷಯವು ನ್ಯಾಯಸ್ಥಾನಕ್ಕೆ ಹೋಯಿತು. ವ್ಯಾಜ್ಯವೆಂದ ಮೇಲೆ ಹಣವಿಲ್ಲದೆ ನಡೆಯುವುದೆ? ಊರವರು ಕೂಡಿಸಿದುದಲ್ಲದೆ ದೂರದ ಪಟ್ಟಣಗಳಿಂದಲೂ ವಂತಿಗೆ ಬಂದಿತು. ೧೮೮೮ರಲ್ಲಿ ಕಾರ್ಲೈಲ್ ನಗರದಲ್ಲಿ ಉಭಯಪಕ್ಷಗಳೂ ರಾಜಿಯಾಗಿ, ಲ್ಯಾಟ್ರಿಗ್ಗನ್ನು ಏರುವ ಹಾದಿಯು ಸಾರ್ವಜನಿಕವೆಂದು ಒಪ್ಪಲ್ಪಟ್ಟಿತು.

ಈ ಹೋರಾಟದ ಮುಂದಾಳು ಸಮೀಪದ ಕ್ರಾಸ್ತ್‌ವೇಟ್ ಗ್ರಾಮದ ಪಾದ್ರಿ ರಾನ್ಸ್‌ಲಿ. ಇವನೂ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯೂ ರಾಬರ್ಟ್ ಹಂಟರನೂ ಸೇರಿ ೧೮೯೫ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಏಳು ವರ್ಷಗಳ ತರುವಾಯ ಕೆಸ್ವಿಕ್ಕಿನ ಸರೋವರದ ಪಡುವಣ ದಂಡೆಯ ಬ್ರಾಂಡಲ್‌ಹೋ ಎಂಬ ೧೦೮ ಎಕರೆಯ ಕಾಡು ಮಾರಾಟಕ್ಕೆ ಬಂದಿತು. ಬೆಲೆ ೬,೫೦೦ ಪೌನು. ಐದೇ ತಿಂಗಳಲ್ಲಿ ಹಣವು ಕೂಡಿತು. ಶೆಫೀಲ್ಡಿನ ಕಾರ್ಖಾನೆಯ ಕೂಲಿಯೊಬ್ಬನು ಎರಡೂವರೆ ಷಿಲಿಂಗನ್ನು ಕಳುಹಿ, ಸರೋವರಗಳನ್ನು ಕಾಣುವ ಯೋಗ ತನಗಿನ್ನು ಇಲ್ಲವೆಂದೂ, ಪರರಿಗಾಗಿಯಾದರೂ ಅವು ಉಳಿಯಲೆಂದೂ ಬರೆದನಂತೆ. ಅಂಥ ನಾಣ್ಯಗಳು ಐವತ್ತೆರಡು ಸಾವಿರ ಸೇರಿದರೆ ಆ ಕಾಡಿನ ಬೆಲೆಯಾಗುತ್ತದೆ! ೧೯೦೨ರ ಅಕ್ಟೋಬರ್ ೧೬ರಂದು ವಿಕ್ಟೋರಿಯಾ ರಾಣಿಯ ಮಗಳಾದ ರಾಜಕುಮಾರಿ ಲೂಯಿಸಳು ಬಂದು ಅದನ್ನು ಜನರಿಗೆ ತೆರೆದಳು.

ಕೊಳ್ಳುವುದಕ್ಕೆ ಹಣ ಕೇಳುವುದು ಒಂದು ಬಗೆ. ಕೆಟ್ಟುದನ್ನು ಸರಿಪಡಿಸುವುದಕ್ಕೆ ಕೇಳುವುದು ಇನ್ನೊಂದು. ಎರಡನೆಯದಕ್ಕೆ ರಾಜಕುಮಾರಿಯರು ಬರುವುದು ಅಪರೂಪ. ಈ ಎರಡನೆಯ ಪರೀಕ್ಷೆಯು ಕೆಸ್ವಿಕ್ಕಿಗೆ ಬಂದುದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಒಂದು ಹಳೆಯ ರೈಲು ಹಾದಿಯ ನಿಮಿತ್ತವಾಗಿ.

ಆ ರೈಲು ದಾರಿಯನ್ನು ಯೋಜಿಸಿದವನು ಥಾಮಸ್ ಬೌಚ್. ಟೇ ನದಿಗೆ ಅವನು ಕಟ್ಟಿದ ಮಹಾಸೇತುವೆಯು ೧೮೭೯ರ ಬಿರುಗಾಳಿಯಲ್ಲಿ ಗಾಡಿಯ ಸಮೇತ ನೀರಿಗೆ ಬಿದ್ದು ಅವನ ಹೆಸರು ಕೆಟ್ಟಿತು. ಕೆಸ್ವಿಕ್ಕಿನ ದಾರಿ ಅದಕ್ಕೆ ಹಿಂದಿನದು. ೧೮೬೪ರಲ್ಲಿ ಅದರ ಮೇಲೆ ಸರಕು ಹೊರಟಿತು, ೧೮೬೫ರ ಜನವರಿಯಲ್ಲಿ ಜನರು ಹೊರಟರು. ಡರ್ಹ್ಯಾಮ್ ಪ್ರಾಂತದ ಕೋಕ್ ಇದ್ದಿಲನ್ನು ಪಶ್ಚಿಮದ ಕಬ್ಬಿಣದ ಕುಲುಮೆಗಳಿಗೆ ಸಾಗಿಸುವುದೇ ಅದರ ಮುಖ್ಯ ಪ್ರಯೋಜನ. ಕೆಸ್ವಿಕ್ಕಿನಿಂದ ಥ್ರೆಲ್ಕೆಲ್ಡ್ ಗ್ರಾಮದವರೆಗಿನ ಮೂರು ಮೈಲಿಗಳಲ್ಲಿ ಅದು ಲ್ಯಾಟ್ರಿಗ್ಗಿನ ಬುಡದಲ್ಲಿಯೇ, ಗ್ರೀಟಾ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತ ಸಾಗುವುದು. ೧೯೭೨ರಲ್ಲಿ ರೈಲು ನಿಂತಿತು. ಹೊಸ ಹೆದ್ದಾರಿಯ ಕೆಲಸ ನಡೆದಾಗ ಹಾದಿಯ ಸುರಂಗವನ್ನು ಮಣ್ಣು ತುಂಬಿ ಮುಚ್ಚಿದರು. ಉಳಿದ ಹಾದಿಯು ಕಂಬಿಗಳನ್ನು ಕಳೆದುಕೊಂಡು, ನಡೆಯುವವರ ಹಾಗೂ ಬೈಸಿಕಲ್ ಸವಾರರ ಪಾಲಿಗೆ ಬಂದಿತು. ಪಶ್ಚಿಮ ಸಮುದ್ರದಿಂದ ಪೂರ್ವ ಸಮುದ್ರಕ್ಕೆ ೧೯೯೪ರಲ್ಲಿ ಏರ್ಪಟ್ಟ ಬೈಸಿಕಲ್ ಮಾರ್ಗದಲ್ಲಿ ಇದೂ ಒಂದು ತುಂಡು. ಏರಿಳಿತವಿಲ್ಲದ್ದರಿಂದ ಮುದುಕರಿಗೂ ಮಕ್ಕಳಿಗೂ ಚಕ್ರದ ಕುರ್ಚಿಯವರಿಗೂ ಆ ಬೆಟ್ಟಸೀಮೆಯಲ್ಲಿ ಇದರಷ್ಟು ಅನುಕೂಲವಾದ ದಾರಿ ಬಹಳವಿರಲಿಲ್ಲ.

೨೦೧೫ರ ಡಿಸೆಂಬರ್ ೫ರಂದು ಡೆಸ್ಮಂಡ್ ಎಂದು ಹೆಸರಿಟ್ಟ ಬಿರುಗಾಳಿಯು ಬಂದಿತು. ಹಾನಿಸ್ಟರ್ ಕಣಿವೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೩೪೧.೪ ಮಿಲಿಮೀಟರು ಮಳೆ ಸುರಿಯಿತು. ಆಗುಂಬೆಯ ಆಷಾಢವನ್ನು ಕಂಡವರಿಗೆ ಈ ಅಂಕೆಯು ಅದ್ಭುತವಾಗಿ ತೋರಲಾರದು. ಆದರೆ ಬ್ರಿಟನ್ನಿನಲ್ಲಿ ಅದುವರೆಗೆ ಯಾರೂ ಅಷ್ಟನ್ನು ಅಳೆದಿರಲಿಲ್ಲ. ಗ್ರೀಟಾ ಹೊಳೆಯು ರೈಲು ಹಾದಿಯ ಎರಡು ಸೇತುವೆಗಳನ್ನು ಎತ್ತಿಕೊಂಡು ಹೋಯಿತು. ಊರೊಳಗೆ ನೂರಾರು ಮನೆಗಳು ಕೆಸರಾದುವು.

ಮನೆಯೊಳಗೆ ಕೆಸರು ನಿಂತಿರುವಾಗ ವಿಹಾರದ ದಾರಿಗಾಗಿ ಕೈ ಚಾಚುವುದು ಯುಕ್ತವೆ? ಮೊದಲು ಒಕ್ಕಲುಗಳಿಗಾಗಿಯೇ ಪ್ರಾಂತದಲ್ಲಿ ನಿಧಿಯು ಕೂಡಿತು. ಸರ್ಕಾರದ ಪಾಲೂ ಸೇರಿ ಅದು ಸುಮಾರು ಒಂದು ಕೋಟಿ ಪೌನಿನಷ್ಟಾಯಿತು. ಇದು ನ್ಯಾಯವೇ. ಆದರೆ ಕೆಸ್ವಿಕ್ಕಿನಂಥ ಊರಿಗೆ ದಾರಿಯೆಂಬುದು ಬರಿಯ ವಿನೋದವಲ್ಲ. ನಡೆಯುವವರು ಬಂದರೆ ಛತ್ರವೂ ಅಂಗಡಿಯೂ ಉಂಟು. ಬಾರದಿದ್ದರೆ ತೊಳೆದ ಮನೆಯಲ್ಲಿ ಕುಳಿತು ಉಣ್ಣುವುದೇನನ್ನು?

ದಾರಿಯ ದುರಸ್ತಿಗೆ ತಗುಲಿದ ವೆಚ್ಚ ೭೯ ಲಕ್ಷ ಪೌನು. ಇದು ಎರಡೂವರೆ ಷಿಲಿಂಗುಗಳಿಂದ ಆಗುವ ಬಾಬತ್ತಲ್ಲ. ಬಹುಪಾಲು ಹಣವು ಸರ್ಕಾರದ ಇಲಾಖೆಗಳಿಂದಲೇ ಬಂದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಜನರ ವಂತಿಗೆಯು ಅದರೊಡನೆ ಸೇರಿದ ಸಣ್ಣ ಪಾಲು. ಕೊಚ್ಚಿಹೋದ ಸೇತುವೆಗಳ ಸ್ಥಾನದಲ್ಲಿ ಹೊಸವು ಎದ್ದುವು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಹೂತುಹೋಗಿದ್ದ ಸುರಂಗದ ಮಣ್ಣನ್ನು ತೆಗೆದು ಅದನ್ನೂ ದಾರಿಗೆ ಸೇರಿಸಿದರು. ಬಿರುಗಾಳಿ ಬಂದ ದಿನಕ್ಕೆ ಸರಿಯಾಗಿ ಐದು ವರ್ಷ ತುಂಬಿದಂದು, ೨೦೨೦ರ ಡಿಸೆಂಬರ್ ೫ರಂದು, ಹಾದಿಯು ತೆರೆಯಿತು.

ತೆರೆಯುವ ಮೊದಲೇ ಜಗಳವೂ ನಡೆದಿತ್ತು. ದಾರಿಗೆ ಡಾಂಬರು ಹಾಕಬೇಕೆಂದು ಅಧಿಕಾರಿಗಳು ನಿಶ್ಚಯಿಸಿದರು. ಮುಂದಿನ ಮಳೆಗೆ ಕೊರೆಯದೆ ನಿಲ್ಲುವುದು, ಚಕ್ರದ ಕುರ್ಚಿಗೂ ಹಿತವೆಂಬುದು ಅವರ ವಾದ. ಕಾಡಿನ ದಾರಿಯು ಪೇಟೆಯ ರಸ್ತೆಯಾಗುವುದೆಂದು ಬಹು ಜನರು ಮನವಿಗೆ ಸಹಿ ಹಾಕಿದರು. ಡಾಂಬರೇ ಗೆದ್ದಿತು. ಅಂಗವಿಕಲರ ಮಾತನ್ನು ನೆನೆದರೆ ಅದು ತಪ್ಪೆಂದು ನಾನು ಹೇಳಲಾರೆ. ಆದರೂ ಆ ಸಹಿಗಳನ್ನು ಹಗುರವಾಗಿ ಎಣಿಸುವುದೂ ಸರಿಯಲ್ಲ. ಹಣದ ಗಂಟು ಯಾರದಾದರೂ ದಾರಿ ತಮ್ಮದೆಂಬ ಹಕ್ಕುಮಾತು ೧೮೮೭ರಲ್ಲಿ ಲ್ಯಾಟ್ರಿಗ್ಗಿನ ಮೇಲೆ ಕೇಳಿಬಂದುದೇ; ಅದೇ ಗುಡ್ಡದ ಬುಡದಲ್ಲಿ ಅದು ಮತ್ತೆ ಕೇಳಿಸಿತು.

ಜನರ ಸಣ್ಣ ಹಣವು ನಿಜವಾಗಿ ಕೆಲಸಮಾಡುವ ಎಡೆ ಬೇರೆ, ಮೇಲಣ ಬೆಟ್ಟಗಳಲ್ಲಿ. ಬೆಟ್ಟದ ಜಾಡುಗಳನ್ನು ದುರಸ್ತಿಮಾಡುವುದಕ್ಕೆ ಆ ಸೀಮೆಯ ಸಂಸ್ಥೆಗಳು ಈ ಶತಮಾನದ ಆರಂಭದಿಂದ ಕೂಡಿ ದುಡಿಯುತ್ತಿವೆ. ಹೋಟೆಲುಗಳಲ್ಲಿ ಅತಿಥಿಯ ಲೆಕ್ಕಕ್ಕೆ ಅಲ್ಪ ಮೊತ್ತವೊಂದನ್ನು ಸೇರಿಸಿ, ಬೇಡವೆಂದವರಿಗೆ ಬಿಟ್ಟುಕೊಡುವ ಪದ್ಧತಿಯೂ ಅಲ್ಲಿ ನಡೆದಿದೆ. ಬೇಡವೆನ್ನುವುದಕ್ಕೆ ಬಾಯಿ ಬಾರದ ಮನುಷ್ಯಸ್ವಭಾವವನ್ನು ಬಲ್ಲವರು ಯಾರೋ ಇದನ್ನು ಕಂಡುಹಿಡಿದಿರಬೇಕು. ಕೊರೆದ ಜಾಡಿನಲ್ಲಿ ಕಲ್ಲನ್ನು ಆಳವಾಗಿ ನಿಲ್ಲಿಸಿ, ಒಂದಕ್ಕೊಂದನ್ನು ಬಿಗಿಯಾಗಿ ಹೆಟ್ಟಿ, ತುದಿಯಷ್ಟೇ ಮೇಲೆ ಕಾಣುವಂತೆ ಮೆಟ್ಟಿಲು ಕಟ್ಟುವರು. ಎತ್ತರದ ಎಡೆಗಳಿಗೆ ಕಲ್ಲನ್ನು ಹೆಲಿಕಾಪ್ಟರಿನಲ್ಲಿ ಒಯ್ಯುವರು. ಜವುಗು ನೆಲದಲ್ಲಿ ದಾರಿಯ ಅಡಿಗೆ ಕುರಿಯ ಉಣ್ಣೆಯನ್ನು ಹಾಸುವುದೂ ಉಂಟು. ದಿನವಿಡೀ ದುಡಿದರೂ ಒಬ್ಬನಿಂದ ಕೆಲವೇ ಅಡಿಗಳ ಕಲ್ಲುಹಾಸು ಆಗುವುದು.

ಇದಕ್ಕಿಂತಲೂ ಅಗ್ಗವಾದ ಕೆಲಸ ಇನ್ನೊಂದಿದೆ. ದಾರಿಗೆ ಅಡ್ಡಲಾಗಿ ಕಲ್ಲಿನ ಮೋರಿಗಳಿರುವುವು. ಅವು ಕಟ್ಟಿಕೊಂಡರೆ ಮಳೆನೀರು ದಾರಿಯನ್ನೇ ಹೊಳೆ ಮಾಡಿಕೊಳ್ಳುವುದು. ಸಂಬಳವಿಲ್ಲದೆ ಬರುವ ಸ್ವಯಂಸೇವಕರು, ಅವರಲ್ಲಿ ತಲೆ ನರೆತವರೂ ಬಹಳ, ಸಲಿಕೆಯನ್ನು ಹೆಗಲಿಗೇರಿಸಿ ಬೆಟ್ಟ ಹತ್ತಿ, ಒಂದೊಂದು ಮೋರಿಯ ಕೆಸರನ್ನೂ ಜಲ್ಲಿಯನ್ನೂ ಎತ್ತಿಹಾಕಿ, ನೀರು ಪಕ್ಕಕ್ಕೆ ಹರಿಯುವುದನ್ನು ನಿಂತು ನೋಡಿ, ಮುಂದಿನ ಮೋರಿಗೆ ಹೋಗುವರು.