ಓನಾಮದ ಎರಡು ಕಥೆಗಳು



ನವಲಗುಂದ ತಾಲೂಕಿನ ಮೊರಬದಂಥ ಹಳ್ಳಿಯಲ್ಲಿ ಆಗತಾನೇ ಶಾಲೆಗೆ ಸೇರಿದ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಅದು "ಕೊಡದಾಗ ನೀರ ಐತಿ" ಎನ್ನುತ್ತದೆ. ಪುಸ್ತಕದಲ್ಲಿ "ಕೊಡದಲ್ಲಿ ನೀರು ಇದೆ" ಎಂದಿರುತ್ತದೆ. ಅಂತರ ಸಣ್ಣದು, ಮಗು ಅದನ್ನು ಬೇಗನೆ ದಾಟುತ್ತದೆ. ಆದರೆ ಪುಸ್ತಕದಲ್ಲಿ "ಪಾಣೀ ಆಹೇ" ಎಂದಿದ್ದರೆ? ಓದಲು ಕಲಿಯುವ ಮೊದಲು ಆ ಮಗು ಹೊಸದೊಂದು ಭಾಷೆಯನ್ನೇ ಕಲಿಯಬೇಕಾಗುತ್ತದೆ. ಇದು ಬರಿಯ ಊಹೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿ ಸೀಮೆಯ ಅನೇಕ ಕನ್ನಡ ಮಕ್ಕಳ ಪಾಡು ಹೀಗೇ ಇತ್ತು.

1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ಈ ಪ್ರದೇಶ ಇಂಗ್ಲಿಷರ ಕೈಸೇರಿತು; ಮುಂಬಯಿ ಪ್ರಾಂತದ ಭಾಗವಾಯಿತು. ಕಚೇರಿಯ ಕಾಗದಪತ್ರಗಳ ಭಾಷೆ ಮೊದಲಿನಿಂದಲೂ ಮರಾಠಿ. ಆದ್ದರಿಂದ ಸರಕಾರಿ ಶಾಲೆಗಳಿಗೂ ಅದೇ ಬಂದಿತು. ನೌಕರಿ ಬೇಕೆಂದವರು ಮರಾಠಿ ಕಲಿಯುವುದು ಸಹಜವೇ. ಮರಾಠಿ ಸಂಪನ್ನವಾದ ಭಾಷೆ, ಕುಂದು ಭಾಷೆಯಲ್ಲಿರಲಿಲ್ಲ. ಮಗುವಿನ ಕಿವಿಗೂ ಕಲಿಸುವವರ ಬಾಯಿಗೂ ನಡುವೆ ಸೇತುವೆ ಇರಲಿಲ್ಲ, ಅಷ್ಟೆ.

ಆ ಸೇತುವೆ ಕಟ್ಟಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪನವರು. ಶಾಲೆಗಳ ತಪಾಸಣೆ ಮಾಡುವ ಡೆಪ್ಯುಟಿ ಇನ್‌ಸ್ಪೆಕ್ಟರ್ ಹುದ್ದೆಯೇ ಅವರ ಹೆಸರಿನ ಭಾಗವಾಯಿತು. 1860ರ ದಶಕದಲ್ಲಿ, ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲದಿಂದ, ಅವರು ಕನ್ನಡ ಶಾಲೆಗಳನ್ನು ತೆರೆಯಿಸಿದರು. ಮಕ್ಕಳನ್ನು ಕಳುಹಿಸುವಂತೆ ಪಾಲಕರ ಮನವೊಲಿಸಿದರು. ಶಾಲೆ ತೆರೆದರೆ ಸಾಕೇ? ಪುಸ್ತಕ ಬೇಕು, ಶಿಕ್ಷಕರು ಬೇಕು. ಪಠ್ಯಪುಸ್ತಕಗಳಿಗೆ ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ದುಡಿದರು. ಶಿಕ್ಷಕರಿಗಾಗಿ 'ಮಠಪತ್ರಿಕೆ' ಹೊರಟಿತು. ಆ ಕಾಲದ ಮಾತಿನಲ್ಲಿ ಮಠವೆಂದರೆ ಶಾಲೆಯೂ ಹೌದು. ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಓದಲು ಕಲಿತ ಒಂದು ತಲೆಮಾರು ಅಷ್ಟರಲ್ಲಿ ಸಿದ್ಧವಾಗಿತ್ತು.

ಈ ಕಥೆಯ ಬೆಲೆ ತಿಳಿಯಬೇಕಾದರೆ ಇದಕ್ಕೆ ತಿರುವುಮುರುವಾದ ಇನ್ನೊಂದು ಕಥೆಯನ್ನು ಕೇಳಬೇಕು. ಅದು ನಡೆದದ್ದು ಇದೇ ಶತಮಾನದಲ್ಲಿ, ಶಾಂತ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ.

ಹವಾಯಿ ಆಗ ಸ್ವತಂತ್ರ ರಾಜ್ಯ. ಭಾಷೆಗೆ ಲಿಪಿ ಇರಲಿಲ್ಲ. 1820ರಲ್ಲಿ ಅಮೆರಿಕದಿಂದ ಬಂದ ಮಿಶನರಿಗಳು 1822ರ ಜನವರಿ 7ರಂದು ಕಾಗುಣಿತದ ಮೊದಲ ಪಾಠವನ್ನು ಅಚ್ಚು ಹಾಕಿದರು. ನಮ್ಮ ಹಿರಿಯರು 'ಓಂ ನಮಃ' ಎಂದು ಅಕ್ಷರಾಭ್ಯಾಸ ಆರಂಭಿಸಿದ್ದರಿಂದ 'ಓನಾಮ' ಎಂಬ ಮಾತು ಬಂದಿತಲ್ಲವೇ? ಅಲ್ಲಿಯೂ ಹಾಗೆಯೇ. 'ಬಿ, ಎ, ಬಾ' ಎಂದು ಕೂಡಿಸಿ ಓದುತ್ತಿದ್ದುದರಿಂದ ಅಕ್ಷರಮಾಲೆಗೆ 'ಪೀ'ಆಪಾ' ಎಂದು ಹೆಸರಾಯಿತು. 1826ರಲ್ಲಿ ಹನ್ನೆರಡು ರೋಮನ್ ಅಕ್ಷರಗಳು ಸಾಕೆಂದು ತೀರ್ಮಾನವಾಯಿತು: ಐದು ಸ್ವರ, ಏಳು ವ್ಯಂಜನ. ಜನ 'ತ' ಎಂದೂ 'ಕ' ಎಂದೂ ನುಡಿಯುತ್ತಿದ್ದ ಕಡೆ ಪುಸ್ತಕವು 'ಕ'ವನ್ನೇ ಆರಿಸಿಕೊಂಡಿತು. ಮೊರಬದ 'ಐತಿ' ಪುಸ್ತಕದಲ್ಲಿ 'ಇದೆ' ಆಗುವಂತೆ, ಅಲ್ಲಿಯೂ ಬಾಯಿಮಾತಿನ ಒಂದು ರೂಪ ಹೊರಗೆ ಉಳಿಯಿತು.

ಇನ್ನು ಕೆಲವು ಶಬ್ದಗಳನ್ನು ಕಲಿಯೋಣ. ದಯವಿಟ್ಟು ಬಾಯಿಬಿಟ್ಟು ಓದಿ.

ಅಲೊಹ: ನಮಸ್ಕಾರ, ಪ್ರೀತಿ. ಮಹಲೊ: ಧನ್ಯವಾದ. ವೈ: ನೀರು. ಹಲೆ: ಮನೆ. ಮೆಲೆ: ಹಾಡು. ಪುಕೆ: ಪುಸ್ತಕ. ಕುಲ: ಶಾಲೆ.

ಕೊನೆಯ ಎರಡನ್ನು ಗಮನಿಸಿ. ಇಂಗ್ಲಿಷಿನ 'ಬುಕ್' ಹವಾಯಿಯ ಬಾಯಿಯಲ್ಲಿ 'ಪುಕೆ'ಯಾಯಿತು, 'ಸ್ಕೂಲ್' 'ಕುಲ'ವಾಯಿತು. ಆ ಭಾಷೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಕೊನೆಯಲ್ಲಿ ಸ್ವರ ಇರಲೇಬೇಕು. ಎರಡು ವ್ಯಂಜನಗಳು ಒಟ್ಟಿಗೆ ಬರುವುದಿಲ್ಲ. ನಾವು 'ಬಸ್ಸು', 'ಪೆನ್ನು', 'ಬ್ಯಾಂಕು' ಎನ್ನುವುದೂ ಹೆಚ್ಚುಕಡಿಮೆ ಇದೇ ಬಗೆಯದು.

ಹ್ರಸ್ವ-ದೀರ್ಘಗಳ ವಿಷಯದಲ್ಲಿ ಕನ್ನಡ ಮಕ್ಕಳಿಗೆ ಇನ್ನೂ ಅನುಕೂಲ. 'ಬಳೆ' ಬೇರೆ, 'ಬಾಳೆ' ಬೇರೆ ಎಂದು ನಿಮಗೆ ಗೊತ್ತು. ಹಾಗೆಯೇ ಅಲ್ಲಿ 'ಕಲ' ಎಂದರೆ ಬಿಡಿಸು, ಕ್ಷಮಿಸು. 'ಕಾಲಾ' ಎಂದರೆ ಹಣ. ಅದಲ್ಲದೆ ಗಂಟಲಲ್ಲಿ ಉಸಿರನ್ನು ಒಂದು ಕ್ಷಣ ತಡೆದು ಬಿಡುವ ಒಂದು ಧ್ವನಿಯಿದೆ. 'ಪೀ'ಆಪಾ' ಎಂಬಲ್ಲಿ ನಡುವೆ ಹಾಕಿದ ಚಿಹ್ನೆ ಅದನ್ನೇ ತೋರಿಸುತ್ತದೆ. ಹಳೆಯ ಮುದ್ರಣಗಳಲ್ಲಿ ದೀರ್ಘದ ಗೆರೆಯಾಗಲಿ ಈ ತಡೆಯ ಗುರುತಾಗಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಏಕೆ? ತಾಯಿಯಿಂದ ಭಾಷೆ ಕಲಿತವರಿಗೆ ಅವು ಬೇಕಿರಲಿಲ್ಲ. ಪುಸ್ತಕದಿಂದ ಕಲಿಯಬೇಕಾದ ಮಕ್ಕಳು ಬಂದಾಗ ಅವು ಅವಶ್ಯವಾದವು.

ಅಂಥ ಕಾಲ ಹೇಗೆ ಬಂದಿತು? ಹವಾಯಿಯಲ್ಲಿ ಶಾಲೆಗಳು ಹವಾಯಿ ಭಾಷೆಯಲ್ಲಿಯೇ ಆರಂಭವಾಗಿದ್ದವು. 1834ರಿಂದ ಪತ್ರಿಕೆಗಳೂ ಇದ್ದವು. ಆದರೆ 1893ರಲ್ಲಿ ರಾಣಿ ಲಿಲಿಉಒಕಲಾನಿಯವರನ್ನು ಪದಚ್ಯುತಗೊಳಿಸಲಾಯಿತು. 1896ರ ಕಾನೂನು ಇಂಗ್ಲಿಷನ್ನೇ ಶಿಕ್ಷಣ ಮಾಧ್ಯಮ ಮಾಡಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಶಾಲೆಯಲ್ಲಿ ತಾಯ್ನುಡಿ ಆಡಿದ್ದಕ್ಕೆ ಶಿಕ್ಷೆ ಅನುಭವಿಸಿದ್ದನ್ನು ಅಲ್ಲಿನ ಹಿರಿಯರು ಹೇಳಿಕೊಂಡಿದ್ದಾರೆ. ಹೀಗೆ ಬೆಳೆದವರು ತಮ್ಮ ಮಕ್ಕಳಿಗಾದರೂ ಆ ಕಷ್ಟ ಬೇಡವೆಂದು ಮನೆಯಲ್ಲಿಯೂ ಇಂಗ್ಲಿಷ್ ಆಡತೊಡಗಿದರು. 1980ರ ದಶಕದ ಆರಂಭದಲ್ಲಿ ಆ ಭಾಷೆಯನ್ನು ಚೆನ್ನಾಗಿ ಆಡಬಲ್ಲ, ಹದಿನೆಂಟು ವರ್ಷದೊಳಗಿನ ಮಕ್ಕಳು ಐವತ್ತಕ್ಕಿಂತ ಕಡಿಮೆ ಎಂದು ಅಂದಾಜು ಮಾಡಲಾಗಿತ್ತು. ನೀಹೌ ಎಂಬ ಪುಟ್ಟ ದ್ವೀಪದಲ್ಲಿ ಮಾತ್ರ ಅದು ಮನೆಮಾತಾಗಿ ಉಳಿದಿತ್ತು. ಪುಸ್ತಕ ಕೈಬಿಟ್ಟಿದ್ದ 'ತ'ಕಾರವೂ ಅಲ್ಲಿನವರ ಬಾಯಲ್ಲಿ ಉಳಿದಿತ್ತು!

1978ರಲ್ಲಿ ಹವಾಯಿ ಆಡಳಿತ ಭಾಷೆಯ ಸ್ಥಾನ ಪಡೆಯಿತು. ಆದರೆ ಕಾಗದದ ಮೇಲಿನ ಸ್ಥಾನ ಮಗುವಿನ ನಾಲಿಗೆಗೆ ಇಳಿಯಬೇಕಲ್ಲ? 1984ರಲ್ಲಿ ಕವಾಯಿ ದ್ವೀಪದ ಕೆಕಹ ಎಂಬಲ್ಲಿ ಮೊದಲ 'ಪೂನನ ಲೆಯೊ' ಶಿಶುವಿಹಾರ ತೆರೆಯಿತು. ಹೆಸರಿನ ಅರ್ಥ 'ದನಿಗಳ ಗೂಡು'. ನ್ಯೂಜಿಲೆಂಡಿನ ಮಾವೋರಿ ಜನರು 1982ರಲ್ಲಿ ತೆರೆದ 'ನುಡಿಗೂಡು'ಗಳು ಅದಕ್ಕೆ ಮಾದರಿ. ಅಲ್ಲಿ ಆಟ, ಊಟ, ಜಗಳ ಎಲ್ಲವೂ ಹವಾಯಿಯಲ್ಲಿಯೇ. 1986ರಲ್ಲಿ ಅಡ್ಡಿಯಾಗಿದ್ದ ಕಾನೂನು ಬದಲಾಯಿತು. 1987ರಲ್ಲಿ ಸರಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ತರಗತಿಗಳು ನಡೆದವು. 1999ರಲ್ಲಿ ಮೊದಲ ತಂಡ ಹೈಸ್ಕೂಲು ಮುಗಿಸಿತು.

ವಿದ್ಯಾರ್ಥಿಗಳೇ, ಎರಡೂ ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಧಾರವಾಡದಲ್ಲಿ ಮನೆಯಲ್ಲಿ ಕನ್ನಡವಿತ್ತು, ಶಾಲೆಯಲ್ಲಿರಲಿಲ್ಲ; ಶಾಲೆಯನ್ನು ತಿದ್ದಿದರೆ ಸಾಕಾಯಿತು. ಹವಾಯಿಯಲ್ಲಿ ಶಾಲೆಯಿಂದ ಹೋದ ಭಾಷೆ ಮನೆಯಿಂದಲೂ ಹೋಯಿತು; ಆಮೇಲೆ 'ನೀರು', 'ಮನೆ' ಎಂಬ ಮಾತುಗಳಿಂದಲೇ ಮತ್ತೆ ಕಲಿಸಬೇಕಾಯಿತು. ಮನೆಯಲ್ಲಿ ಉಳಿದಿದ್ದರೆ ದಾರಿ ಸುಲಭ.

ಇಂಗ್ಲಿಷ್ ಕಲಿಯಬೇಡಿ ಎಂದು ಇದರ ಅರ್ಥವಲ್ಲ, ಅದೂ ಬೇಕು. ಈ ವಾರ ಒಂದು ಸಣ್ಣ ಕೆಲಸ ಮಾಡಿ. ಕೂರಿಗಿ, ಕುಂಟಿ, ರಂಟಿ ಇವೆಲ್ಲ ಏನೆಂದು ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿ. ಪುಸ್ತಕದಲ್ಲಿ ಸಿಗದ ಇನ್ನೂ ಹತ್ತು ಶಬ್ದಗಳನ್ನು ಅವರಿಂದ ಬರೆದುಕೊಳ್ಳಿ. ಅವರು ನುಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಬಳಿಕ ನಿಮ್ಮ ತಮ್ಮನಿಗೋ ತಂಗಿಗೋ ಅವನ್ನು ಓದಿ ಹೇಳಿ, ಅವರಿಗೆ ಎಷ್ಟು ಗೊತ್ತು ಎಂದು ಎಣಿಸಿ ನೋಡಿ.