ಇಟ್ಟಿಗೆ ಇಟ್ಟಿಗೆಯಾಗಿ ಮರಳಿ ಎದ್ದ ಪಬ್

‘ಪಬ್’ ಎಂದೊಡನೆ ಬೆಂಗಳೂರಿನವರ ಕಣ್ಣಮುಂದೆ ಬರುವುದು ಮಂದ ಬೆಳಕು, ಕಿವಿಗಡಚಿಕ್ಕುವ ಸಂಗೀತ, ವಾರಾಂತ್ಯದ ಯುವಜನರ ಗುಂಪು. ಆದರೆ ಆ ಪದ ಹುಟ್ಟಿದ ನೆಲದಲ್ಲಿ ಅದರ ಅರ್ಥವೇ ಬೇರೆ. ‘ಪಬ್ಲಿಕ್ ಹೌಸ್’, ಅಂದರೆ ಸಾರ್ವಜನಿಕರ ಮನೆ ಎಂಬುದರ ಮೊಟಕು ರೂಪ ಅದು. ಲಂಡನ್ನಿನ ಹಿಂಬದಿ ಬೀದಿಗಳ ಹಳೆಯ ಪಬ್‌ಗಳು ಅಕ್ಷರಶಃ ಮನೆಗಳೇ. ಕೆಳಗೆ ಬಿಯರು, ಹರಟೆ. ಮಹಡಿಯ ಮೇಲೆ ಅದನ್ನು ನಡೆಸುವವರ ಸಂಸಾರ. ನಮ್ಮ ಗಡಂಗಿಗೆ ಅದನ್ನು ಹೋಲಿಸಿದರೆ ತಪ್ಪಾದೀತು. ಊರ ಅರಳಿಕಟ್ಟೆಗೆ ಸೂರು ಹೊದಿಸಿ, ಒಂದು ಬಿಯರ್ ಪೀಪಾಯಿ ಇಟ್ಟಂತೆ ಎಂದರೆ ಹೆಚ್ಚು ಸರಿ.

ಪಬ್ ಹಿಂಬದಿ ಬೀದಿಗೆ ಏಕೆ ಹೋಯಿತು? ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ ಎಲ್ಲ ದಿಕ್ಕಿಗೂ ಹಬ್ಬುತ್ತಿದ್ದಾಗ ಹೊಸ ಬೀದಿ ಕಟ್ಟುವ ಗುತ್ತಿಗೆದಾರರು ಅನೇಕ ಕಡೆ ಮೊದಲು ಮೂಲೆಯ ಪಬ್ಬನ್ನೇ ಎಬ್ಬಿಸುತ್ತಿದ್ದರು. ಕೂಲಿಯವರಿಗೆ ಕುಡಿಯಲು ಜಾಗವಾಯಿತು, ಗುತ್ತಿಗೆದಾರನಿಗೆ ಮನೆ ಮುಗಿಸಲು ಕಾಸಾಯಿತು! ಬೆಲ್‌ಗ್ರೇವಿಯಾದಂಥ ಸಿರಿವಂತರ ಬಡಾವಣೆಗಳಲ್ಲಿ ಬಂಗಲೆಗಳ ಹಿಂದೆ ಕುದುರೆ ಲಾಯಗಳ ಓಣಿಗಳಿದ್ದವು. ಗಾಡಿ ಹೊಡೆಯುವವರು, ಆಳುಕಾಳುಗಳು ಅಲ್ಲಿ ಇರುತ್ತಿದ್ದುದರಿಂದ ಅವರ ಪಬ್ಬೂ ಅಲ್ಲೇ ಹುಟ್ಟಿತು. ಇಂದಿಗೂ ಅಲ್ಲಿನ ‘ಸ್ಟಾರ್ ಟ್ಯಾವರ್ನ್’ ಹುಡುಕುವವರು ಮುಖ್ಯರಸ್ತೆ ಬಿಟ್ಟು ಲಾಯದ ಓಣಿಗೇ ಇಳಿಯಬೇಕು.

ಸರ್ಕಾರದ ಕೈಯೂ ಇದರಲ್ಲಿತ್ತು. ಜಿನ್ ಕುಡಿದು ಬಡವರು ಹಾಳಾಗುತ್ತಿದ್ದಾರೆ, ಬಿಯರಾದರೆ ವಾಸಿ ಎಂಬ ನಂಬಿಕೆಯಿಂದ 1830ರಲ್ಲಿ ಹೊಸ ಬಿಯರ್ ಕಾಯ್ದೆ ಬಂತು. ತೆರಿಗೆ ಕಟ್ಟುವ ಯಾವುದೇ ಮನೆಯವನು ಎರಡು ಗಿನಿ ತೆತ್ತು ಪರವಾನಗಿ ಪಡೆದು ತನ್ನ ಮನೆಯಲ್ಲೇ ಬಿಯರ್ ಮಾರಬಹುದಾಯಿತು. ಪಡಸಾಲೆಗಳೆಲ್ಲ ಪಾನಗೃಹಗಳಾದವು. 1869ರಲ್ಲಿ ಪರವಾನಗಿಯ ಹಿಡಿತ ಮತ್ತೆ ಮ್ಯಾಜಿಸ್ಟ್ರೇಟರ ಕೈಗೆ ಹೋಗುವ ಹೊತ್ತಿಗೆ ಬೀದಿಗೊಂದು ಪಬ್ ಎಂಬ ರೂಢಿ ಬೇರುಬಿಟ್ಟಿತ್ತು.

ಒಳಗೆ ಕಾಲಿಟ್ಟರೆ ಇಂಗ್ಲಿಷರ ಸಮಾಜವೇ ಕೋಣೆ ಕೋಣೆಯಾಗಿ ಕಾಣುತ್ತಿತ್ತು. ಕೂಲಿಕಾರರಿಗೆ ಬರಿ ಹಲಗೆ ನೆಲದ ‘ಪಬ್ಲಿಕ್ ಬಾರ್’. ಕೋಟು ತೊಟ್ಟವರಿಗೆ ರತ್ನಗಂಬಳಿಯ ‘ಸಲೂನ್ ಬಾರ್’. ಅಲ್ಲಿ ಅದೇ ಬಿಯರಿಗೆ ಬೆಲೆ ತುಸು ಹೆಚ್ಚು. ಕೆಲವೆಡೆ ಕಟ್ಟೆಯ ಮೇಲೆ, ಮುಖದ ಎತ್ತರಕ್ಕೆ ತಿರುಗಿಸಬಹುದಾದ ಗಾಜಿನ ಪುಟ್ಟ ಕಿಟಕಿಗಳಿದ್ದವು. ಸುರಿಯುವವನ ಕಣ್ಣಿಗೂ ಬೀಳದೆ ಕುಡಿಯಲು ಮರ್ಯಾದಸ್ಥರು ಮಾಡಿಕೊಂಡ ಏರ್ಪಾಡು. ಇಂಥ ಕಿಟಕಿಗಳು ಈಗಲೂ ಕೆಲವು ಪಬ್‌ಗಳಲ್ಲಿ ಉಳಿದಿವೆ.

‘ಸಾರ್ವಜನಿಕ’ ಎಂಬ ಮಾತಿಗೆ ಇನ್ನೂ ಕಟುವಾದ ಮಿತಿಯಿತ್ತು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ದುಡಿಯಲು ಹೋದ ಭಾರತೀಯರಿಗೆ, ಕೆರಿಬಿಯನ್ನರಿಗೆ ಎಷ್ಟೋ ಪಬ್‌ಗಳು ಬಾಗಿಲು ಮುಚ್ಚಿದ್ದವು. ಕೆಲವೆಡೆ ಒಂದು ಕೋಣೆಗಷ್ಟೇ ಪ್ರವೇಶ. ಇದು ಕಾನೂನುಬಾಹಿರವಾದದ್ದು 1965ರ ಜನಾಂಗ ಸಂಬಂಧಗಳ ಕಾಯ್ದೆಯಿಂದ. ಹಳೆಯ ಪಬ್ಬಿನ ಗುಣಗಾನ ಮಾಡುವವರು ಈ ಪುಟವನ್ನು ಸಾಮಾನ್ಯವಾಗಿ ಮಗುಚುವುದಿಲ್ಲ.

ಹೊಸಬರು ತಬ್ಬಿಬ್ಬಾಗುವುದು ಪಬ್ಬಿನ ರೀತಿನೀತಿಗಳ ಮುಂದೆ. ಕುಳಿತು ಮಾಣಿಗಾಗಿ ಕಾದರೆ ಸಂಜೆಯಿಡೀ ಕಾಯಬೇಕಾದೀತು. ಗಿರಾಕಿಯೇ ಕಟ್ಟೆಗೆ ಹೋಗಬೇಕು, ಕೇಳಬೇಕು, ಆಗಲೇ ದುಡ್ಡು ಕೊಡಬೇಕು. ಸಾಲು ಕಾಣುವುದಿಲ್ಲ, ಆದರೆ ಯಾರ ಮುಂಚೆ ಯಾರು ಬಂದರೆಂಬುದು ಒಳಗಿರುವವರಿಗೂ ಹೊರಗಿರುವವರಿಗೂ ಗೊತ್ತಿರುತ್ತದೆ. ನಾಲ್ವರು ಬಂದರೆ ನಾಲ್ವರೂ ಸರದಿಯಂತೆ ಎಲ್ಲರಿಗೂ ಕೊಡಿಸಬೇಕು. ತನ್ನ ಸರದಿ ಬಂದಾಗ ಮೆಲ್ಲನೆ ಜಾರಿಕೊಳ್ಳುವವನ ಹೆಸರು ಆ ಬೀದಿಯಲ್ಲಿ ಬಹಳ ದಿನ ಉಳಿಯುತ್ತದೆ. ಅಳತೆ ಮಾತ್ರ ಕಟ್ಟುನಿಟ್ಟು: ಒಂದು ಪೈಂಟ್ ಎಂದರೆ 568 ಮಿಲಿಲೀಟರ್.

ಗಡಿಯಾರದ ಆಳ್ವಿಕೆಯೂ ಇತ್ತು. ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕುಡಿದು ಬರಬಾರದೆಂದು ಮೊದಲ ಮಹಾಯುದ್ಧದ ಕಾಲದಲ್ಲಿ ಮಧ್ಯಾಹ್ನ ಪಬ್ ಮುಚ್ಚುವ ನಿಯಮ ಬಂತು. ಯುದ್ಧ 1918ರಲ್ಲಿ ಮುಗಿಯಿತು. ಇಂಗ್ಲೆಂಡಿನಲ್ಲಿ ಆ ಮಧ್ಯಾಹ್ನದ ಬೀಗ ತೆಗೆದದ್ದು 1988ರಲ್ಲಿ!

ಇಂಥ ಪಬ್‌ಗಳು ಒಂದೊಂದಾಗಿ ಮುಚ್ಚತೊಡಗಿದ್ದಕ್ಕೆ ಕಾರಣಗಳು ಹಲವು. ಅಂಗಡಿಯಲ್ಲಿ ಅಗ್ಗದ ಬಿಯರು, ಮನೆಯಲ್ಲಿ ಟೀವಿ, 2007ರ ಧೂಮಪಾನ ನಿಷೇಧ ಎಂದೆಲ್ಲ ಹೇಳುವುದುಂಟು. ಲಂಡನ್ನಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಪಬ್ಬಿನ ಕಾಲ ಕೆಳಗಿನ ನೆಲವೇ. ಬಿಯರ್ ಮಾರಿ ವರ್ಷಗಟ್ಟಲೆ ದುಡಿದರೂ ಬಾರದ ಹಣ, ಅದೇ ಜಾಗದಲ್ಲಿ ಫ್ಲಾಟ್ ಕಟ್ಟಿದರೆ ಬರುತ್ತದೆ.

ವಾಯವ್ಯ ಲಂಡನ್ನಿನ ಕಿಲ್ಬರ್ನ್‌ನಲ್ಲಿ ನಡೆದದ್ದು ಇದೇ. ಅಲ್ಲಿನ ‘ಕಾರ್ಲ್‌ಟನ್ ಟ್ಯಾವರ್ನ್’ ಅರಮನೆಯಂಥ ಕಟ್ಟಡವೇನಲ್ಲ. ಹಿಂದೆ ಅದೇ ಜಾಗದಲ್ಲಿದ್ದ ಪಬ್ 1918ರ ಜರ್ಮನ್ ವಾಯುದಾಳಿಯಲ್ಲಿ ನಾಶವಾಗಿತ್ತು. ಚಾರಿಂಗ್ಟನ್ ಎಂಬ ಬಿಯರ್ ಕಂಪನಿ 1920-21ರಲ್ಲಿ ಹೊಸದನ್ನು ಕಟ್ಟಿಸಿತು. ಹೊರಗೆ ಕೆಂಪಿಟ್ಟಿಗೆ, ಹೊಳಪು ಹೆಂಚುಬಿಲ್ಲೆಗಳ ಮೇಲೆ ಕಂಪನಿಯ ಹೆಸರು, ಒಳಗೆ ಮರದ ಕೆಲಸ. ಎರಡನೇ ಯುದ್ಧದ ಬಾಂಬುಗಳು ಸುತ್ತಲ ಕಟ್ಟಡಗಳನ್ನು ನುಂಗಿದರೂ ಪಬ್ ಉಳಿಯಿತು. ಆ ಬಳಿಕ ಹೊಸ ವಸತಿ ಸಮುಚ್ಚಯಗಳ ನಡುವೆ ಒಂಟಿಯಾಗಿ ನಿಂತಿತ್ತು.

ಅದನ್ನು ಕೊಂಡ ಕಟ್ಟಡ ಕಂಪನಿ ಅಲ್ಲಿ ಫ್ಲಾಟ್‌ಗಳನ್ನು ಕಟ್ಟಲು ಅನುಮತಿ ಕೇಳಿತು. ವೆಸ್ಟ್‌ಮಿನ್‌ಸ್ಟರ್ ನಗರಸಭೆ ನಿರಾಕರಿಸಿತು. ಕಟ್ಟಡವನ್ನು ಪಾರಂಪರಿಕ ಪಟ್ಟಿಗೆ ಸೇರಿಸುವ ವಿಚಾರ ನಡೆದಿತ್ತು. 2015ರ ಏಪ್ರಿಲ್, ಈಸ್ಟರ್ ಹಬ್ಬದ ವಾರ. ಸಾಮಾನಿನ ಪಟ್ಟಿ ಮಾಡಲಿಕ್ಕಿದೆ, ಬಾಗಿಲು ಹಾಕಿ ಎಂದು ಪಬ್ ನಡೆಸುತ್ತಿದ್ದಾಕೆಗೆ ಸೂಚನೆ ಹೋಯಿತು. ಏಪ್ರಿಲ್ 8ರಂದು ಯಾರ ಅನುಮತಿಯೂ ಇಲ್ಲದೆ ಯಂತ್ರಗಳು ಬಂದವು. ಬಹುಪಾಲು ಕಟ್ಟಡ ನೆಲಕ್ಕುರುಳಿತು.

ಇಂಥ ಪ್ರಕರಣಗಳು ಅನೇಕ ಕಡೆ ದಂಡದಲ್ಲಿ ಮುಗಿಯುತ್ತವೆ. ಕೆಡವಿದವನು ದಂಡ ಕಟ್ಟುತ್ತಾನೆ, ಫ್ಲಾಟನ್ನೂ ಕಟ್ಟುತ್ತಾನೆ. ಇಲ್ಲಿ ಹಾಗಾಗಲಿಲ್ಲ. ಹೀಗಾದೀತೆಂಬ ಅನುಮಾನ ನೆರೆಹೊರೆಯವರಿಗೆ ಮೊದಲೇ ಇತ್ತು. ಅವರ ಕೋರಿಕೆಯ ಮೇರೆಗೆ ಪಾರಂಪರಿಕ ಇಲಾಖೆಯವರು ಕಟ್ಟಡದ ವಿವರಗಳನ್ನು ದಾಖಲಿಸಿಕೊಂಡಿದ್ದರು. ಆ ದಾಖಲೆಯೇ ಬಲವಾಯಿತು. ಇದ್ದಂತೆಯೇ, ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟಬೇಕು ಎಂದು ನಗರಸಭೆ ಆದೇಶಿಸಿತು. ಕಂಪನಿ ಮೇಲ್ಮನವಿ ಹೋಯಿತು; 2016ರಲ್ಲಿ ಅಲ್ಲೂ ಸೋತಿತು. ರಾಶಿಯಲ್ಲಿ ಉಳಿದ ಇಟ್ಟಿಗೆ, ಬಿಲ್ಲೆಗಳಲ್ಲಿ ಬಳಸಬಹುದಾದವನ್ನು ಆಯ್ದು, ಇಲ್ಲದ್ದನ್ನು ಹೊಸದಾಗಿ ಮಾಡಿಸಿ ಪಬ್ಬನ್ನು ಮರಳಿ ನಿಲ್ಲಿಸಲಾಯಿತು.

2017ರಲ್ಲಿ ಕಾನೂನೂ ಬಿಗಿಯಾಯಿತು. ಇಂಗ್ಲೆಂಡಿನಲ್ಲಿ ಪಬ್ ಕೆಡವಲು, ಬೇರೆ ಉಪಯೋಗಕ್ಕೆ ಬದಲಿಸಲು ಯೋಜನಾ ಅನುಮತಿ ಕಡ್ಡಾಯವಾಯಿತು. ಅದಕ್ಕೂ ಮೊದಲೇ ಆಗ್ನೇಯ ಲಂಡನ್ನಿನ ನನ್‌ಹೆಡ್‌ ನಿವಾಸಿಗಳು ಇನ್ನೊಂದು ದಾರಿ ತೋರಿಸಿದ್ದರು. ಮಾರಾಟಕ್ಕೆ ಬಂದ ತಮ್ಮ ‘ಐವಿ ಹೌಸ್’ ಪಬ್ಬನ್ನು 2013ರಲ್ಲಿ ತಾವೇ ಕೊಂಡರು. ನಮ್ಮ ಸಹಕಾರ ಸಂಘದ ಧಾಟಿಯಲ್ಲಿ, 371 ಷೇರುದಾರರು ಸೇರಿ.

ಕಾರ್ಲ್‌ಟನ್ ಟ್ಯಾವರ್ನ್ ಬಾಗಿಲು ತೆರೆದದ್ದು 2021ರ ಏಪ್ರಿಲ್‌ನಲ್ಲಿ, ಉರುಳಿದ ಆರು ವರ್ಷಕ್ಕೆ. ಕೋವಿಡ್ ನಿರ್ಬಂಧ ಆಗಷ್ಟೇ ಸಡಿಲಗೊಂಡಿತ್ತು; ಇಂಗ್ಲೆಂಡಿನ ಪಬ್‌ಗಳು ಹೊರಗಡೆ ಮಾತ್ರ ಬಿಯರ್ ಕೊಡಬಹುದಾಗಿತ್ತು. ಒಳಗಿನ ಗೋಡೆಗಳಿಗಾಗಿ ಅಷ್ಟು ವರ್ಷ ಹೋರಾಡಿದ ನೆರೆಹೊರೆಯವರು ಆ ಮೊದಲ ವಾರಗಳಲ್ಲಿ ಅಂಗಳದ ಚಳಿಯಲ್ಲೇ ಕುಳಿತು ಕುಡಿಯಬೇಕಾಯಿತು.